ವರ್ಷದ 17 ದಿನಕ್ಕೆ ಗಾಡಿ ಬೇಕೆ?



ನಮ್ಮ ಧರ್ಮಕೇಂದ್ರಕ್ಕೆ ಒಂದು ಗಾಡಿ ಬೇಕು ಎಂದು ಪಾಲನಾ ಸಮಿತಿಯ ಸಭೆಯಲ್ಲಿ ಮೊದಲು ಬಾಯಿಬಿಟ್ಟವನು ನಾನೇ. ಪಿಕಪ್ ಆಗಲಿ, ವ್ಯಾನ್ ಆಗಲಿ, ಹಳೆಯದೇ ಆಗಲಿ, ನಮ್ಮದು ಅಂತ ಒಂದು ಇರಲಿ ಎಂದೆ. ಖಜಾಂಚಿಗಳು ಕನ್ನಡಕದ ಮೇಲಿಂದ ನೋಡಿ, “ವರ್ಷದಾಗ ಎಷ್ಟು ದಿನ ಬೇಕಾಗ್ತದ, ಬರಕೊಂಡು ಬಾ ತಮ್ಮಾ” ಎಂದರು. ಬಿ.ಎಸ್ಸಿ. ಓದಿದವನಿಗೆ ಲೆಕ್ಕ ಮಾಡು ಎಂದರೆ ಹುರುಪು. ಕಳೆದ ವರ್ಷದ ಕಾರ್ಯಕ್ರಮಗಳ ಪಟ್ಟಿ ಹಿಡಿದು ಕೂತೆ. ಕ್ರಿಸ್ಮಸ್ ಗೋದಲಿಯ ಸಾಮಾನು, ಯುವಜನ ಶಿಬಿರಕ್ಕೆ ಕುರ್ಚಿ ಮತ್ತು ಸೌಂಡ್ ಬಾಕ್ಸ್, ಹಬ್ಬದ ಊಟದ ಪಾತ್ರೆ, ಮೂರು ಸಲ ಕ್ರಿಕೆಟ್ ಪಂದ್ಯ. ಎಲ್ಲ ಕೂಡಿಸಿದರೆ 17 ದಿನ ಬಂತು. ಉಳಿದ 348 ದಿನ ಗಾಡಿ ದೇವಾಲಯದ ಹಿಂದೆ ಬೇವಿನ ಮರದ ಕೆಳಗೆ ನಿಂತೇ ಇರುತ್ತದೆ.

ನಿಂತ ಗಾಡಿಗೂ ಖರ್ಚು ಇದೆ. ವಿಮೆ ಕಟ್ಟಬೇಕು, ಸಾಲದ ಕಂತು ತಪ್ಪದು. ಬ್ಯಾಟರಿಯನ್ನು ಬಳಸದಿದ್ದರೂ ಅದು ತಾನಾಗಿಯೇ ಇಳಿಯುತ್ತದೆ, ನಮ್ಮ ಕಡೆಯ ಬಿಸಿಲಿಗೆ ಟೈರು ಬಿರಿಯುತ್ತದೆ. ಬೇಕಾದ ದಿನ ಬಾಡಿಗೆಗೆ ಹಿಡಿಯುವುದೇ ಅಗ್ಗ ಎಂದು ಖಜಾಂಚಿಗಳು ಕಾಗದ ನೋಡಿದ ಕೂಡಲೇ ಹೇಳಿದರು. ನನ್ನ ಹತ್ತಿರವೂ ಉತ್ತರ ಇತ್ತು. ನಮಗೆ ಗಾಡಿ ಬೇಕಾಗುವ ದಿನವೇ ಊರಿಗೆಲ್ಲ ಬೇಕಾಗುತ್ತದೆ. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತಲ್ಲ, ಆ ತೊಗರಿಯ ರಾಶಿ ನಡೆಯುವುದು ಡಿಸೆಂಬರ್, ಜನವರಿಯಲ್ಲಿ. ಯಾಲಾಲ್ ಸುತ್ತಿನ ಪಿಕಪ್‌ಗಳೆಲ್ಲ ಆಗ ಚೀಲ ಹೇರಿಕೊಂಡು ತಾಂಡೂರಿಗೆ ಓಡುತ್ತಿರುತ್ತವೆ. ಕ್ರಿಸ್ಮಸ್ ಹಿಂದಿನ ದಿನ ಒಂದು ಟಾಟಾ ಏಸ್ ಹಿಡಿಯುವುದೆಂದರೆ ಸಣ್ಣ ಮಾತಲ್ಲ.

ಈ ವಾದ ಸುಳ್ಳಲ್ಲ. ಆದರೆ ನಾನು ಗಾಡಿ ಕೇಳಿದ್ದು ಅದಕ್ಕಲ್ಲ. ಅದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

ಹಿಂದಿನ ಒಂದು ಕ್ರಿಸ್ಮಸ್‌ಗೆ ನಮ್ಮ ಓಣಿಯ ರೈತರೊಬ್ಬರು, ನಮ್ಮ ಧರ್ಮಸಭೆಯವರಲ್ಲ, ತೊಗರಿಯ ಎರಡು ಟ್ರಿಪ್ಪಿನ ನಡುವೆ ತಮ್ಮ ಪಿಕಪ್ ಕೊಟ್ಟಿದ್ದರು. ಬಾಡಿಗೆ ಬೇಡ ಎಂದಿದ್ದರು. ಕತ್ತಲಲ್ಲಿ ಹಿಂದಕ್ಕೆ ತೆಗೆಯುವಾಗ ಫರ್ಸಿ ಕಲ್ಲಿನ ರಾಶಿಗೆ ತಗುಲಿ ಹಿಂಬಾಗಿಲು ನೆಗ್ಗಿತು. ಓಡಿಸುತ್ತಿದ್ದವನು ನಾನು. ಡೀಸೆಲ್ ತುಂಬಿಸಿ, ಗಾಡಿ ತೊಳೆದು, ರಾತ್ರಿ ಹತ್ತರ ಮೇಲೆ ಅವರ ಮನೆಯವರ ಕೈಗೆ ಕೀಲಿ ಕೊಟ್ಟು ಬಂದೆ. ನೆಗ್ಗಿದ್ದು ಹೇಳಲಿಲ್ಲ. ಅವತ್ತಿನಿಂದ ಅವರನ್ನು ಏನೂ ಕೇಳುವ ಮುಖ ನನಗೆ ಉಳಿಯಲಿಲ್ಲ. ಸ್ವಂತ ಗಾಡಿ ಇದ್ದರೆ ಆ ಮನೆಯ ಬಾಗಿಲಿಗೆ ಹೋಗುವುದೇ ಬೇಕಾಗುವುದಿಲ್ಲ ಎಂಬುದು ನನ್ನ ಒಳಗಿನ ಲೆಕ್ಕ.

ಗರಿಗಳ ಭಾನುವಾರ ನಾವು ಓದುವ ಶುಭಸಂದೇಶದಲ್ಲಿ ಪ್ರಭು ಯೇಸು ಜೆರುಸಲೇಮಿಗೆ ಹೋಗಿದ್ದು ಕೈಗಡದ ಕತ್ತೆಮರಿಯ ಮೇಲೆ. ಮಾರ್ಕನ 11ನೆಯ ಅಧ್ಯಾಯವನ್ನು ಈ ಸಲ ನಿಧಾನವಾಗಿ ಓದಿದೆ. ಯಾಕೆ ಬಿಚ್ಚುತ್ತೀರಿ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಅವರು ಮೊದಲೇ ಶಿಷ್ಯರಿಗೆ ಹೇಳಿಕೊಡುತ್ತಾರೆ. ಬೇಗ ಹಿಂದಕ್ಕೆ ಕಳುಹಿಸುತ್ತೇವೆ ಎಂಬ ಮಾತೂ ಅದರಲ್ಲಿ ಇದೆ. ಒಂದೇ ದಿನದ ಸವಾರಿಗೆ ಅವರು ಪ್ರಾಣಿ ಕೊಳ್ಳಲಿಲ್ಲ. ಜನರಿಗೆ ಬೋಧಿಸಲು ಕೂತ ದೋಣಿ ಸೀಮೋನನದು, ಕಡೆಯ ಭೋಜನದ ಕೋಣೆ ಇನ್ನೊಬ್ಬರದು. ಕೇಳುವುದಕ್ಕೆ ಅವರಿಗೆ ನಾಚಿಕೆ ಇರಲಿಲ್ಲ. ಕತ್ತೆಮರಿಗೆ ಏನಾದರೂ ಆಗಿದ್ದರೆ ಶಿಷ್ಯರು ಏನು ಮಾಡುತ್ತಿದ್ದರು ಎಂಬುದು ನನ್ನಂಥವನಿಗೆ ಮಾತ್ರ ಬರುವ ಪ್ರಶ್ನೆ ಇರಬೇಕು. ಅದಕ್ಕೂ ಉತ್ತರ ಬೈಬಲಿನಲ್ಲೇ ಇದೆ. ವಿಮೋಚನಾಕಾಂಡದ 22ನೆಯ ಅಧ್ಯಾಯ ಬಹಳ ಸ್ಪಷ್ಟವಾಗಿದೆ. ಕೇಳಿ ತಂದ ಪ್ರಾಣಿಗೆ ಒಡೆಯ ಜೊತೆಗಿಲ್ಲದಾಗ ಪೆಟ್ಟಾದರೆ ತಂದವನು ತುಂಬಿಕೊಡಬೇಕು. ಒಡೆಯ ಜೊತೆಗಿದ್ದರೆ ಬೇಕಿಲ್ಲ. ಬಾಡಿಗೆಗೆ ತಂದದ್ದಾದರೆ ನಷ್ಟ ಬಾಡಿಗೆಯಲ್ಲೇ ಬಂತು. ಮೂರು ಸಾವಿರ ವರ್ಷದ ಹಿಂದಿನ ಜನರಿಗೂ ಈ ತಂಟೆ ಇತ್ತು ಎಂದು ತಿಳಿದು ಸ್ವಲ್ಪ ಸಮಾಧಾನವೂ ಆಯಿತು, ಅನ್ನಿ.

ಕಳೆದ ವಾರ ಹೋದೆ. “ಕಾಕಾ, ಆ ಹಿಂಬಾಗಿಲು ನಾನೇ ನೆಗ್ಗಿಸಿದ್ದು” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನೋಡೀನಿ. ಯಾರ್ ಮಾಡ್ಯಾರ ಗೊತ್ತಾಗಿದ್ದಿಲ್ಲ. ನನ್ನ ಮಗಗ ಬೈದಿದ್ದೆ” ಎಂದರು. ಇದನ್ನು ನಾನು ಎಣಿಸಿರಲಿಲ್ಲ. ನನ್ನ ಮೌನದ ಏಟು ತಿಂದವನು ಒಬ್ಬ ಹುಡುಗ, ನಮ್ಮ ಕ್ರಿಕೆಟ್ ತಂಡದಲ್ಲೇ ಆಡುವವನು. ರಿಪೇರಿಗೆ ಎಷ್ಟಾಯಿತು ಎಂದು ಕೇಳಿದೆ. 1,500 ರೂಪಾಯಿ ಎಂದರು. ಬ್ಯಾಡ ಬಿಡು ಎನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಎಣಿಸಿ ಜೇಬಿಗೆ ಹಾಕಿಕೊಂಡರು. “ಅವಗೂ ಒಂದು ಮಾತು ಹೇಳು” ಎಂದರು. ಹೇಳಿದ್ದೇನೆ.

ಹಾಗಾದರೆ ಗಾಡಿ ಬೇಡ, ಬಾಡಿಗೆಯೇ ಸಾಕು ಎಂದು ಮುಗಿಸಬಹುದಿತ್ತು. ಆದರೆ ಲೂಕನ ಶುಭಸಂದೇಶದ ಸಮಾರಿತ ಅಡ್ಡ ಬಂದ. ಗಾಯಗೊಂಡವನನ್ನು ಅವನು ಕೂರಿಸಿದ್ದು ತನ್ನ ಸ್ವಂತ ಪ್ರಾಣಿಯ ಮೇಲೆ. ಆ ನಿರ್ಜನ ದಾರಿಯಲ್ಲಿ ಯಾರನ್ನು ಕೇಳಿ ತರುತ್ತಿದ್ದ? ಇದ್ದದ್ದರಿಂದ ಕೊಟ್ಟ. ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಇದನ್ನೇ ಎರಡು ಭಾಗ ಮಾಡಿ ನೋಡಿದರು. ಸ್ವಂತಕ್ಕೆ ಇಟ್ಟುಕೊಳ್ಳುವುದು ತಪ್ಪಲ್ಲ, ಆದರೆ ಬಳಸುವಾಗ ಅದು ಎಲ್ಲರದು ಎಂಬಂತೆ, ಕೊರತೆ ಇದ್ದವರಿಗೆ ಕೊಡಲು ಸಿದ್ಧನಾಗಿ ಬಳಸಬೇಕು. 1891ರಲ್ಲಿ ಜಗದ್ಗುರು 13ನೆಯ ಲಿಯೋ ಕಾರ್ಮಿಕರ ಬಗ್ಗೆ ಬರೆದ ವಿಶ್ವಪತ್ರದಲ್ಲಿ ಈ ಮಾತನ್ನೇ ಎತ್ತಿಕೊಂಡರು. ಅಕ್ವಿನಾಸರು ಇನ್ನೊಂದು ಮಾತನ್ನೂ ಹೇಳಿದ್ದಾರೆ: ಎಲ್ಲರಿಗೂ ಸೇರಿದ ವಸ್ತುವಿಗಿಂತ ತನ್ನದನ್ನು ಮನುಷ್ಯ ಹೆಚ್ಚು ಜೋಪಾನ ಮಾಡುತ್ತಾನೆ. ನಮ್ಮ ಸಭಾಂಗಣದ ಜನರೇಟರಿನ ಗತಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ದೃಷ್ಟಿಯಿಂದ ನನ್ನ ಪಟ್ಟಿಯನ್ನು ಮತ್ತೆ ನೋಡಿದೆ. 17 ದಿನದಲ್ಲಿ ಒಬ್ಬ ರೋಗಿಯೂ ಇಲ್ಲ, ಒಬ್ಬ ಮುದುಕಿಯೂ ಇಲ್ಲ. ಅವರಿಗೆ ಗಾಡಿ ಬೇಕಿರಲಿಲ್ಲ ಎಂದಲ್ಲ, ಅವರು ಕೇಳಿರಲಿಲ್ಲ. ಕೇಳಿದವರನ್ನು ಮಾತ್ರ, ಅಂದರೆ ನಮ್ಮನ್ನು ಮಾತ್ರ, ನಾನು ಎಣಿಸಿದ್ದೆ. ಪ್ರಯೋಗಾಲಯದಲ್ಲಿ ಹೀಗೆ ಎಣಿಸಿದ್ದರೆ ನಮ್ಮ ಮೇಷ್ಟ್ರು ರೆಕಾರ್ಡ್ ಪುಸ್ತಕವನ್ನು ಹಿಂದಕ್ಕೆ ಕೊಡುತ್ತಿದ್ದರು. 108 ಆಸ್ಪತ್ರೆಗೆ ಕರೆದೊಯ್ಯುತ್ತದೆ, ಗುಣವಾದವರನ್ನು ತಿರುಗಿ ಮನೆಗೆ ಬಿಡುವುದು ಅದರ ಕೆಲಸವಲ್ಲ. ನಮ್ಮ ರಾಜ್ಯದಲ್ಲಿ 2023ರ ಡಿಸೆಂಬರಿನಿಂದ ಹೆಂಗಸರಿಗೆ ಬಸ್ಸು ಉಚಿತ. ಆದರೆ ಬಸ್ಸು ನಿಲ್ಲುವ ರಸ್ತೆಯವರೆಗೆ ನಡೆಯಲು, ಅದರ ಮೆಟ್ಟಿಲು ಹತ್ತಲು ಮೊಣಕಾಲು ಗಟ್ಟಿ ಇರಬೇಕಲ್ಲ.

ಇವರನ್ನು ಎಣಿಸಿದರೆ ಪಿಕಪ್ಪಿನ ಮಾತೇ ಬರುವುದಿಲ್ಲ. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಬಾರದೆಂದು ಕಾನೂನಿದೆ, ಅಪಘಾತವಾದರೆ ವಿಮೆಯ ಪರಿಹಾರವೂ ಕಷ್ಟ. ಹಬ್ಬಕ್ಕೆ ಮಕ್ಕಳನ್ನು ಪಿಕಪ್ಪಿನ ಹಿಂದೆ ನಿಲ್ಲಿಸಿಕೊಂಡು ಹೋಗುವುದನ್ನು ನಾವು ಇನ್ನಾದರೂ ಬಿಡಬೇಕು. ಬೇಕಾಗುವುದು ವ್ಯಾನ್. ಅದು ವರ್ಷಕ್ಕೆ 17 ದಿನದ ಗಾಡಿಯಾಗಿ ಉಳಿಯುವುದಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಯಾರೋ ಒಬ್ಬರು ಎದ್ದು ಅದನ್ನು ಓಡಿಸಬೇಕು. ನಮ್ಮ ಕುರ್ಚಿ, ಸೌಂಡ್ ಬಾಕ್ಸುಗಳನ್ನು ಮಾತ್ರ ಬಾಡಿಗೆಗೇ ಸಾಗಿಸೋಣ, ಗಾಡಿಯ ಒಡೆಯರೇ ಓಡಿಸಲಿ, ಅವರಿಗೆ ಸರಿಯಾದ ದುಡ್ಡು ಸಿಗಲಿ.

ಮೊದಲೆಲ್ಲ ಕನ್ನಡ ಪೂಜೆ, ತೆಲುಗು ಪೂಜೆ ಎನ್ನದೆ ಎರಡಕ್ಕೂ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಅಜ್ಜಿಯೊಬ್ಬರು ಈಗ ಬರುತ್ತಿಲ್ಲ. ಅವರ ಮನೆಗೂ ಹೋಗಿದ್ದೆ. “ವ್ಯಾನ್ ಕಳಿಸಿದ್ರ ಪೂಜಿಗಿ ಬರ್ತೀರೇನಜ್ಜಿ?” ಎಂದು ಕೇಳಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನನ್ನೇ ನೋಡಿದರು. “ಬರ್ತೀನಿ. ಎಷ್ಟು ವಾರ ಕಳಸ್ತೀರಿ?” ಎಂದರು.

ಮುಂದಿನ ಸಭೆಗೆ ಒಯ್ಯುವ ಹಾಳೆಯಲ್ಲಿ 17 ಎಂಬುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಅಜ್ಜಿಯ ಪ್ರಶ್ನೆಯನ್ನು ಬರೆದುಕೊಂಡಿದ್ದೇನೆ. ಅದರ ಕೆಳಗೆ, ಭಾನುವಾರ ಓಡಿಸುತ್ತೇವೆ ಎನ್ನುವವರ ಹೆಸರಿಗೆ ಜಾಗ ಬಿಟ್ಟಿದ್ದೇನೆ. ಸದ್ಯಕ್ಕೆ ಅಲ್ಲಿ ಇರುವುದು ನನ್ನದೊಂದೇ ಹೆಸರು.