ಕೊಡುವವನ ಲಜ್ಜೆ

ದೀಪಾವಳಿಯ ರಜೆಗೆ ಮುಂಚಿನ ವಾರದಲ್ಲಿ ನಮ್ಮೂರಿನ ಕಾಲೇಜಿನ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ, ಅಕ್ಕಿ ಬೇಳೆ ಬೆಲ್ಲ ಎಣ್ಣೆ ಬಟ್ಟೆಗಳನ್ನು ಮನೆಮನೆಗಳಿಂದ ಕೂಡಿಹಾಕಿ, ಸುತ್ತಲಿನ ಬಡ ಕುಟುಂಬಗಳಿಗೆ ಹಂಚುವ ಪದ್ಧತಿಯೊಂದು ಕೆಲವು ವರ್ಷಗಳಿಂದ ನಡೆದುಬಂದಿದೆ. ಇದು ಸ್ತುತ್ಯವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಓದುವ ವಯಸ್ಸಿನಲ್ಲಿಯೇ ಪರರ ಕಷ್ಟಕ್ಕೆ ಮರುಗುವುದನ್ನು ಕಲಿಯದವನಿಗೆ ಮುಂದೆ ಅದನ್ನು ಕಲಿಸುವವರು ಯಾರೂ ಇರುವುದಿಲ್ಲ. ಗಾಂಧೀಜಿಯವರ ಜನ್ಮಶತಾಬ್ದಿಯಾದ 1969 ರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಡನೆ ಆರಂಭವಾದುದೂ ಈ ಅಭಿಪ್ರಾಯದಿಂದಲೇ. ಆದುದರಿಂದ ನಾನು ಇಲ್ಲಿ ಹೇಳಹೊರಟಿರುವುದು ದಾನವನ್ನು ಕುರಿತ ಆಕ್ಷೇಪಣೆಯಲ್ಲ. ದಾನದ ರೀತಿಯನ್ನು ಕುರಿತ ವಿಚಾರ.

ಹೋದ ವರ್ಷದ ವಿತರಣ ಸಮಾರಂಭದಲ್ಲಿ ನಿವೃತ್ತ ಉಪಾಧ್ಯಾಯನೆಂಬ ಗೌರವದಿಂದ ನನ್ನನ್ನೂ ವೇದಿಕೆಯ ಮೇಲೆ ಕುಳ್ಳಿರಿಸಿದ್ದರು. ಒಂದೊಂದು ಕುಟುಂಬದ ಹೆಸರನ್ನೂ ಕೂಗಿ ಕರೆಯಲಾಯಿತು. ಕರೆದವರು ಮೆಟ್ಟಿಲೇರಿ ಬಂದು, ಚೀಲವನ್ನು ತೆಗೆದುಕೊಂಡು, ಚಿತ್ರ ತೆಗೆಯುವವನ ಕಡೆಗೆ ಒಂದು ಗಳಿಗೆ ಮುಖಮಾಡಿ ನಿಂತು ಇಳಿದರು. ನಾವೆಲ್ಲರೂ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ಅಂದು ಸಂಜೆ, ಚೀಲಗಳನ್ನು ಕೈಗೆತ್ತಿ ಕೊಡುತ್ತಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬನು ನಮ್ಮ ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು. ಕೊನೆಗೆ, “ಮೇಷ್ಟ್ರೇ, ಒಬ್ಬ ತಾಯಿಗೆ ಚೀಲ ಕೊಟ್ಟೆ. ಅವರ ಹಿಂದೆ ನಿಂತಿದ್ದವನು ದಿನವೂ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುವವನು. ನನಗೆ ಅದುವರೆಗೆ ಗೊತ್ತಿರಲಿಲ್ಲ. ಅವನು ನನ್ನ ಮುಖ ನೋಡಲಿಲ್ಲ” ಎಂದನು. ರಜೆ ಮುಗಿದು ಕಾಲೇಜು ತೆರೆದ ಮೇಲೆ ಆ ಸಹಪಾಠಿಯು ಎಂಟು ದಿನ ಬರಲಿಲ್ಲವೆಂದೂ, ಬಂದ ಮೇಲೆ ಬೇರೆ ಬೆಂಚಿನಲ್ಲಿ ಕುಳಿತನೆಂದೂ ಅನಂತರ ತಿಳಿಯಿತು.

ಇಲ್ಲಿ ತಪ್ಪು ಮಾಡಿದವರು ಯಾರು? ಕೊಟ್ಟವರಲ್ಲಿ ದುರುದ್ದೇಶವಿರಲಿಲ್ಲ, ಪಡೆದವರಲ್ಲಿ ಅಪಾತ್ರತೆಯಿರಲಿಲ್ಲ. ಆದರೂ ಒಂದು ಚೀಲ ಅಕ್ಕಿಯೊಡನೆ ಒಬ್ಬ ತರುಣನ ಸ್ನೇಹವನ್ನೂ ನಾವು ತೂಗಿಬಿಟ್ಟೆವು. ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದೇ ಪ್ರಶ್ನೆ ನಿಂತಿದೆ: ದಾನ ನಡೆಯುವಲ್ಲಿ ಲಜ್ಜೆಯೆಂಬುದು ಅನಿವಾರ್ಯವಾದರೆ, ಅದನ್ನು ಹೊರತಕ್ಕವರು ಯಾರು?

ಲೋಕರೂಢಿಯು ಅದನ್ನು ಪಡೆಯುವವನ ತಲೆಯ ಮೇಲೆ ಹೊರಿಸುತ್ತದೆ. ಶಾಸ್ತ್ರವಾದರೋ ಬೇರೆ ಹೇಳುತ್ತದೆ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವೇದಾಧ್ಯಯನ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶವಿದೆಯಷ್ಟೆ. ಈಗಿನ ಕಾಲೇಜುಗಳ ಘಟಿಕೋತ್ಸವ ಭಾಷಣಕ್ಕೆ ಅದನ್ನು ಹೋಲಿಸಬಹುದು. ಅಲ್ಲಿ ಕೊಡು ಎಂಬಷ್ಟಕ್ಕೇ ಆಚಾರ್ಯನು ನಿಲ್ಲಿಸುವುದಿಲ್ಲ. ಶ್ರದ್ಧೆಯಿಂದ ಕೊಡುವುದನ್ನು ಹೇಳಿ, ಮುಂದೆ ಲಜ್ಜೆಯಿಂದಲೂ ಭಯದಿಂದಲೂ ತಿಳಿವಳಿಕೆಯಿಂದಲೂ ಕೊಡುವುದನ್ನು ಹೇಳುತ್ತಾನೆ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡುವಾಗ, ಕೊಡುವವನಿಗೆ ಲಜ್ಜೆಯೇತಕ್ಕೆಂಬುದು ನನಗೆ ಅರ್ಥವಾಗಿರಲಿಲ್ಲ. ಈಗ ತೋರುವುದು ಹೀಗೆ: ನನ್ನ ಕಣಜ ತುಂಬಿ ನೆರೆಯವನ ಮಡಕೆ ಬರಿದಾಗಿರುವುದಕ್ಕೆ ನನ್ನ ಯೋಗ್ಯತೆಯೊಂದೇ ಕಾರಣವಲ್ಲ. ಮಳೆ, ಆರೋಗ್ಯ, ಹುಟ್ಟಿದ ಮನೆ, ದೊರೆತ ವಿದ್ಯೆ ಇವೆಲ್ಲ ಸೇರಿ ನನ್ನನ್ನು ಇತ್ತ ನಿಲ್ಲಿಸಿವೆ, ಅವನನ್ನು ಅತ್ತ ನಿಲ್ಲಿಸಿವೆ. ಇದನ್ನು ಅರಿತವನ ಕೈ ಕೊಡುವಾಗ ಸ್ವಲ್ಪ ಸಂಕೋಚಪಡದೆ ಇರದು. ಗೀತೆಯ ಹದಿನೇಳನೆಯ ಅಧ್ಯಾಯವು ಆದರವಿಲ್ಲದೆ, ತಿರಸ್ಕಾರದಿಂದ ಕೊಟ್ಟದ್ದನ್ನು ತಾಮಸ ದಾನದಲ್ಲಿ ಸೇರಿಸಿರುವುದನ್ನೂ ಇಲ್ಲಿ ನೆನೆಯತಕ್ಕದ್ದು. ನಮ್ಮ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರು ದಾಸೋಹವೆಂಬ ಮಾತನ್ನೇ ಎತ್ತಿಹಿಡಿದರು. ಅದರಲ್ಲಿ ಉಣಿಸುವವನೇ ದಾಸನು, ಉಣ್ಣುವವನಲ್ಲ.

ಈ ಭೇದವನ್ನು ನಾನು ಗ್ರಂಥಗಳಿಂದ ಮಾತ್ರ ಕಲಿತವನಲ್ಲ. ಪಾಠಶಾಲೆಯ ದಿನಗಳಲ್ಲಿ ವಾರಾನ್ನದಿಂದ ಬೆಳೆದವನು. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ. ಒಂದು ಮನೆಯಲ್ಲಿ ಹೋಳಿಗೆ ತುಪ್ಪಗಳಿಗೆ ಕೊರತೆಯಿರಲಿಲ್ಲ. ಆದರೆ ಬಂದ ನೆಂಟರಿಗೆಲ್ಲ ಯಜಮಾನರು, “ಇವನು ನಮ್ಮ ವಾರದ ಹುಡುಗ” ಎಂದು ತೋರಿಸುತ್ತಿದ್ದರು. ಇನ್ನೊಂದು ಮನೆಯಲ್ಲಿ ಸಾರು ಅನ್ನ ಮಜ್ಜಿಗೆಗಳಷ್ಟೆ. ಆ ಮನೆಯಾಕೆಯು ಊಟಕ್ಕೆ ಮೊದಲು, “ಬಾವಿಯಿಂದ ಎರಡು ಕೊಡ ನೀರು ಸೇದಿಕೊಡಪ್ಪ, ನನಗೆ ಕೈಲಾಗುವುದಿಲ್ಲ” ಎನ್ನುತ್ತಿದ್ದರು. ಆಕೆಗೆ ಕೈಲಾಗುತ್ತಿತ್ತೆಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು. ಮೊದಲನೆಯ ಮನೆಯ ಊಟ ಮರೆತುಹೋಗಿದೆ. ಎರಡನೆಯ ಮನೆಯ ಋಣ ಮರೆತಿಲ್ಲ.

ಭಾಗವತದ ದಶಮಸ್ಕಂಧದಲ್ಲಿ ಬರುವ, ನಾವು ಕುಚೇಲನೆಂದು ಕರೆಯುವ ಬಡ ಬ್ರಾಹ್ಮಣನ ಕಥೆಯೂ ಇಬ್ಬರು ಸಹಪಾಠಿಗಳ ಕಥೆಯೇ. ಸಾಂದೀಪನಿಯ ಆಶ್ರಮದಲ್ಲಿ ಜೊತೆಗೆ ಓದಿದವರು ಅವರು. ಗೆಳೆಯನು ಬಂದಾಗ ಶ್ರೀಕೃಷ್ಣನು ಮೊದಲು ಮಾಡಿದ್ದು ಕೊಡುವುದನ್ನಲ್ಲ, ತೆಗೆದುಕೊಳ್ಳುವುದನ್ನು. ನಾಚಿ ಬಚ್ಚಿಟ್ಟುಕೊಂಡಿದ್ದ ಅವಲಕ್ಕಿಯ ಗಂಟನ್ನು ತಾನೇ ಸೆಳೆದು ತಿಂದನು. ಕೊಟ್ಟದ್ದನ್ನೋ ಎದುರಿಗೆ ಕೊಡಲೇ ಇಲ್ಲ. ಬರಿಗೈಯಲ್ಲಿ ಹಿಂದಿರುಗಿದವನಿಗೆ ತನ್ನ ಮನೆಯ ಮುಂದೆ ನಿಂತಾಗಲೇ ತಿಳಿದದ್ದು. ದಾನದ ರೀತಿಗೆ ಇದಕ್ಕಿಂತ ಮೇಲಾದ ದೃಷ್ಟಾಂತವನ್ನು ನಾನು ಕಾಣೆ.

ಇದಕ್ಕೆ ಪ್ರತಿಯಾಗಿ ಹೇಳುವ ಮಾತುಗಳೂ ಹಗುರವಲ್ಲ. ಸಾರ್ವಜನಿಕರಿಂದ ಕೂಡಿಸಿದ್ದಕ್ಕೆ ಲೆಕ್ಕ ಬೇಡವೆ ಎಂದು ಕೇಳುವರು. ಬೇಕು, ಆದರೆ ಎಷ್ಟು ಅಕ್ಕಿ ಬಂತು, ಎಷ್ಟು ಮನೆಗಳಿಗೆ ಹೋಯಿತು ಎಂಬುದು ಲೆಕ್ಕವೇ ಹೊರತು, ಪಡೆದವರ ಮುಖ ಲೆಕ್ಕವಲ್ಲ. ಇನ್ನು ಕೆಲವರು, 2013 ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಮೇರೆಗೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯವು ಹಕ್ಕಾಗಿಯೇ ದೊರೆಯುವಾಗ ಈ ಖಾಸಗಿ ದಾನವೇತಕ್ಕೆ ಎನ್ನುವರು. ಹಕ್ಕಿನಿಂದ ಪಡೆಯುವವನು ಯಾರಿಗೂ ತಲೆತಗ್ಗಿಸಬೇಕಾಗಿಲ್ಲ. ಈ ವಿಷಯದಲ್ಲಿ ಕಾಯಿದೆಯು ದಾನಕ್ಕಿಂತ ದೊಡ್ಡದು. ಆದರೆ ಹಬ್ಬದ ದಿನ ಮಗುವಿಗೆ ಹೊಸ ಅಂಗಿಯಿಲ್ಲವೆಂಬುದು ಕಾಯಿದೆಗೆ ಕಾಣುವುದಿಲ್ಲ. ನೆರೆಯವರಿಗೆ ಮಾತ್ರ ಕಾಣುತ್ತದೆ. ಆದಕಾರಣ ದಾನಕ್ಕೆ ಎಡೆಯುಂಟು. ಪಡೆಯುವವನ ಮಾನವನ್ನು ಕಾಪಾಡುವುದನ್ನು ಮಾತ್ರ ಅದು ಕಾಯಿದೆಯಿಂದ ಕಲಿಯತಕ್ಕದ್ದು.

ಈ ವರ್ಷ ನನ್ನ ಮಾತಿಗೆ ಒಪ್ಪಿ ಕಾಲೇಜಿನವರು ವೇದಿಕೆಯನ್ನು ಬಿಟ್ಟರು. ಕುಟುಂಬಗಳ ಪಟ್ಟಿಯು ಇಬ್ಬರು ಹಿರಿಯ ಅಧ್ಯಾಪಕಿಯರ ಬಳಿಯಲ್ಲಿ ಮಾತ್ರ ಇತ್ತು. ಕೂಡಿದ ಸಾಮಾನು ಹಣಗಳನ್ನು ಒಂದು ದಿನಸಿ ಅಂಗಡಿಗೆ ಒಪ್ಪಿಸಿ, ಆಯಾ ಮನೆಗೆ ಒಂದು ಚೀಟಿಯನ್ನು ಕಳುಹಿಸಲಾಯಿತು. ಅವರು ತಮಗೆ ಬೇಕಾದುದನ್ನು ತಾವೇ ಆರಿಸಿಕೊಂಡು ಹೋದರು. ಅಂಗಡಿಯಲ್ಲಿ ನಿಂತಿದ್ದವರಿಗೆ ಅವರೂ ಗಿರಾಕಿಗಳೇ.

ಫಲವನ್ನು ಮರೆಮಾಚದೆ ಹೇಳಬೇಕು. ಹೋದ ವರ್ಷ ಬಂದದ್ದರಲ್ಲಿ ಮುಕ್ಕಾಲು ಪಾಲು ಮಾತ್ರ ಈ ವರ್ಷ ಬಂತು. ವೇದಿಕೆಯಿಲ್ಲವೆಂದು ಕೇಳಿ ಕೆಲವರು ಹಿಂದೆ ಸರಿದರು. ಅಧ್ಯಾಪಕರೊಬ್ಬರು, “ನಿಮ್ಮ ವೇದಾಂತದಿಂದ ನಾಲ್ಕು ಮನೆಗಳ ಹಬ್ಬ ತಪ್ಪುತ್ತದಲ್ಲ, ಸ್ವಾಮಿ” ಎಂದರು. ಆ ಮಾತು ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿತು. ಹಸಿದವನಿಗೆ ಮಾನ ಮೊದಲೋ ಅನ್ನ ಮೊದಲೋ ಎಂಬುದನ್ನು ಉಂಡು ಕುಳಿತ ನಾನು ತೀರ್ಮಾನಿಸುವುದು ಎಷ್ಟರ ಮಟ್ಟಿಗೆ ನ್ಯಾಯ? ಕೊನೆಗೆ ನನಗೆ ಸರಿಯೆಂದು ಕಂಡದ್ದು ಇಷ್ಟೆ: ರೀತಿಯನ್ನು ತಿದ್ದಹೊರಟವನೇ ಅದರಿಂದಾಗುವ ಕೊರತೆಯನ್ನು ಹೊರತಕ್ಕದ್ದು, ಬಡವರ ಮೇಲೆ ಅದನ್ನು ಹಾಕಲಾಗದು. ಆದುದರಿಂದ ಒಂದು ಚೀಲವನ್ನು ಹೆಗಲಿಗೆ ಹಾಕಿಕೊಂಡು, ವಾರಾನ್ನಕ್ಕೆಂದು ಹುಡುಗನಾಗಿದ್ದಾಗ ಮಾಡಿದಂತೆ, ಬಾಗಿಲುಬಾಗಿಲಿಗೂ ಹೋದೆ. ನನ್ನ ಶಿಷ್ಯರ ಮನೆಗಳ ಮುಂದೆಯೇ ನಿಂತು ಬೇಡುವಾಗ ನಾಚಿಕೆಯಾಯಿತು. ಆ ನಾಚಿಕೆ ಯಾರಿಗೆ ಸಲ್ಲತಕ್ಕದ್ದೋ ಅವನಿಗೇ ಸಂದಿತೆಂದು ಸಮಾಧಾನವೂ ಆಯಿತು. ಕೊರತೆಯಲ್ಲಿ ಅರ್ಧ ತುಂಬಿತು. ಇನ್ನರ್ಧ ಹಾಗೆಯೇ ಉಳಿಯಿತು.

ಆ ಇಬ್ಬರು ಹುಡುಗರು ಈಗ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆಯೋ ಇಲ್ಲವೋ ನಾನು ವಿಚಾರಿಸಿಲ್ಲ. ಅದನ್ನು ವಿಚಾರಿಸುವುದೂ ಮತ್ತೊಂದು ಬಗೆಯ ವೇದಿಕೆಯೇ ಆದೀತು. ಬರುವ ವರ್ಷ ಉಳಿದ ಅರ್ಧವನ್ನು ತುಂಬಲು ವಾಚಕರಲ್ಲಿ ಯಾರಾದರೂ ಚೀಲ ಹಿಡಿದು ನನ್ನೊಡನೆ ಬರುವುದಾದರೆ, ಅವರ ಹೆಸರನ್ನು ಎಲ್ಲಿಯೂ ಕೂಗುವುದಿಲ್ಲವೆಂದು ಮಾತುಕೊಡುತ್ತೇನೆ.