ಯಾರು ಕಾಯಬೇಕು?

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರೇಡಾರ್ ಪರದೆಗಳ ಮೇಲೆ ಆಗಾಗ ಕೆಲವು ಚುಕ್ಕೆಗಳು ಮೂಡುತ್ತಿದ್ದವು. ಅವು ಶತ್ರು ವಿಮಾನಗಳಾಗಿರಲಿಲ್ಲ. ಕಾರಣ ತಿಳಿಯದ ಸಿಬ್ಬಂದಿ ಅವನ್ನು 'ದೇವದೂತರು' ಎಂದು ಕರೆದರು. ರೇಡಾರಿಗೆ ಹಕ್ಕಿಗಳೂ ಕಾಣುತ್ತವೆ ಎಂಬುದನ್ನು ಡೇವಿಡ್ ಲ್ಯಾಕ್ ಮತ್ತು ಜಾರ್ಜ್ ವಾರ್ಲಿ 1945ರಲ್ಲಿ ಬರೆದು ಪ್ರಕಟಿಸಿದರು. ಇಂದು ಅದೇ ದೇವದೂತರನ್ನು ಅಪಾಯವೆಂದು ಗುರುತಿಸಲು ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರತ್ಯೇಕ ರೇಡಾರ್‌ಗಳಿವೆ.

ಅಪಾಯ ಸುಳ್ಳಲ್ಲ. 1960ರಲ್ಲಿ ಬಾಸ್ಟನ್‌ನಲ್ಲಿ ಹಕ್ಕಿಗಳ ಹಿಂಡು ವಿಮಾನದ ಎಂಜಿನ್‌ಗಳಿಗೆ ಸಿಕ್ಕಿ 62 ಜನ ಸತ್ತರು. 2009ರ ಜನವರಿ 15ರಂದು ನ್ಯೂಯಾರ್ಕ್‌ನಿಂದ ಮೇಲೆದ್ದ ವಿಮಾನದ ಎರಡೂ ಎಂಜಿನ್‌ಗಳಿಗೆ ಕೆನಡಾ ಹೆಬ್ಬಾತುಗಳು ಬಡಿದವು. ಪೈಲಟ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದ್ದರಿಂದ 155 ಜನರೂ ಬದುಕಿದರು. ಆ ವರ್ಷ ನ್ಯೂಯಾರ್ಕಿನ ನಿಲ್ದಾಣಗಳ ಸುತ್ತ ಸಾವಿರಕ್ಕೂ ಹೆಚ್ಚು ಹೆಬ್ಬಾತುಗಳನ್ನು ಹಿಡಿದು ಕೊಂದರು. ಆದರೆ ಎಂಜಿನ್‌ನಲ್ಲಿ ಸಿಕ್ಕ ಗರಿಗಳನ್ನು ಪರೀಕ್ಷಿಸಿದ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು, ಬಡಿದ ಹಕ್ಕಿಗಳು ಉತ್ತರದಿಂದ ವಲಸೆ ಬಂದವು, ಆ ಊರಲ್ಲೇ ನೆಲೆಸಿದವಲ್ಲ ಎಂದರು. ಡಿಕ್ಕಿ ಹೊಡೆದದ್ದು ಒಂದು ಹಿಂಡು, ದಂಡ ತೆತ್ತದ್ದು ಇನ್ನೊಂದು. ಊರ ಹಕ್ಕಿಗಳೂ ನಾಳೆ ಬಡಿಯಬಹುದಲ್ಲ ಎನ್ನಬಹುದು. ನಿಜ. ಆದರೆ 'ಮಾಡಬಹುದು' ಎಂಬುದೇ ತಪ್ಪಾದರೆ ಈ ಭೂಮಿಯ ಮೇಲೆ ನಿರಪರಾಧಿ ಯಾರು?

ಇಲ್ಲಿ ಯಂತ್ರ ನಮಗಿಂತ ನ್ಯಾಯವಂತ. ಹಕ್ಕಿ ಎಷ್ಟು ದೂರದಲ್ಲಿದೆ, ಎಷ್ಟು ಎತ್ತರದಲ್ಲಿದೆ, ಯಾವ ಕಡೆಗೆ ಹೊರಟಿದೆ ಎಂಬುದನ್ನು ರೇಡಾರ್ ಕತ್ತಲಲ್ಲೂ ಹೇಳುತ್ತದೆ. ಮರಳಿ ಬಂದ ಅಲೆಯಲ್ಲಿ ರೆಕ್ಕೆ ಬಡಿತದ ಲಯವನ್ನೂ ಹಿಡಿಯಬಲ್ಲದು. ಜಾತಿಯನ್ನು ಮಾತ್ರ ಖಚಿತವಾಗಿ ಹೇಳಲಾರದು. ಅದಕ್ಕೆ ಬೇಕಾದದ್ದು ಹಕ್ಕಿಯ ಕುಲವಲ್ಲ, ಈ ಗಳಿಗೆಯಲ್ಲಿ ಅದು ಎಲ್ಲಿದೆ ಎಂಬುದು. 1996ರಲ್ಲಿ ಐಂಡ್‌ಹೋವನ್‌ನಲ್ಲಿ ಹಕ್ಕಿಗಳಿಂದಾದ ವಿಮಾನ ದುರಂತದಲ್ಲಿ 34 ಜನರನ್ನು ಕಳೆದುಕೊಂಡ ನೆದರ್‌ಲೆಂಡ್ಸ್‌ನಲ್ಲಿ, ವಲಸೆ ದಟ್ಟವಾಗಿರುವುದನ್ನು ರೇಡಾರ್ ತೋರಿಸಿದರೆ ವಾಯುಪಡೆ ತನ್ನ ಹಾರಾಟವನ್ನೇ ಬದಲಿಸಿಕೊಳ್ಳುತ್ತದೆ. ಅಲ್ಲಿ ಕಾಯುವವನು ಬಲಶಾಲಿ.

ನಮ್ಮಲ್ಲಿ ಯಾರು ಕಾಯುತ್ತಾರೆ? ಯಲಹಂಕದ ವೈಮಾನಿಕ ಪ್ರದರ್ಶನಕ್ಕಾಗಿ ಬೆಂಗಳೂರು ಪಾಲಿಕೆ 2023ರಲ್ಲಿ 10 ಕಿ.ಮೀ., 2025ರಲ್ಲಿ 13 ಕಿ.ಮೀ. ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನು ಮೂರು ವಾರಕ್ಕೂ ಹೆಚ್ಚು ಕಾಲ ನಿಲ್ಲಿಸಿತು. ಬಯಲಿಗೆಸೆದ ಮಾಂಸದ ಚೂರಿಗೆ ಹದ್ದುಗಳು ಬರುತ್ತವೆ ಎಂಬುದು ಸತ್ಯ. ಆದರೆ ಹದ್ದನ್ನು ಕರೆಯುವುದು ಶುಚಿಯಾಗಿ ನಡೆಯುವ ಅಂಗಡಿಯೋ, ಎತ್ತದೆ ಬಿಟ್ಟ ಕಸವೋ? ಕಸದ ಲೆಕ್ಕ ಕೇಳುವುದಕ್ಕಿಂತ ಅಂಗಡಿಯ ಬಾಗಿಲು ಹಾಕಿಸುವುದು ಸುಲಭ. ಆ ವಾರಗಳ ಕೂಲಿ ಕಳೆದುಕೊಂಡವನ ಮನೆಯ ಒಲೆ ಯಾವ ಪರದೆಯ ಮೇಲೂ ಚುಕ್ಕೆಯಾಗಿ ಮೂಡುವುದಿಲ್ಲ.

ಪ್ರಯಾಣಿಕರ ಪ್ರಾಣ ಅಮೂಲ್ಯ, ಅದರಲ್ಲಿ ಎರಡು ಮಾತಿಲ್ಲ. ಕಣ್ಣಿಗೆ ಕಾಣದಿದ್ದ ಕಾಲದಲ್ಲಿ ಎಲ್ಲರನ್ನೂ ಶಂಕಿಸಲು ಭಯದ ನೆಪವಾದರೂ ಇತ್ತು. ಕಾಣುವ ಕಣ್ಣು ಸಿಕ್ಕ ಮೇಲೆ ಆ ನೆಪ ಉಳಿಯುವುದಿಲ್ಲ. ಎಚ್ಚರಿಸುವುದಷ್ಟೇ ಯಂತ್ರದ ಕೆಲಸ. ಕಾಯುವುದರ ನಷ್ಟವನ್ನು ಯಾರು ಹೊರಬೇಕೆಂದು ತೀರ್ಮಾನಿಸುವವರು ನಾವು. ಆ ನಷ್ಟ ತಾಳಿಕೊಳ್ಳಬಲ್ಲವರು ಮೊದಲು ಕಾಯಲಿ.