ಭಾರ ಹೊತ್ತ ಕಡೆಗೇ ದಪ್ಪ ಗೆರೆ

ಶಾಲಾ ಮಕ್ಕಳ ಚಿತ್ರಸ್ಪರ್ಧೆಯ ಕೊನೆಯ ಹತ್ತು ನಿಮಿಷವನ್ನು ಗಮನಿಸಬೇಕು. ಚಿತ್ರ ಮುಗಿದಿರುತ್ತದೆ, ಬಣ್ಣ ಆರುತ್ತಿರುತ್ತದೆ. ಆಗ ಎಲ್ಲರ ಕೈಗೂ ಕಪ್ಪು ಸ್ಕೆಚ್ ಪೆನ್ನು ಬರುತ್ತದೆ. ‘ಔಟ್‌ಲೈನ್ ಹಾಕು, ಎದ್ದು ಕಾಣುತ್ತೆ’ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಬೆಟ್ಟದ ಸುತ್ತ ಒಂದು ಕಪ್ಪು ಗೆರೆ, ಮೋಡದ ಸುತ್ತಲೂ ಅದೇ ಗೆರೆ, ಅಜ್ಜಿಯ ಕೆನ್ನೆಗೂ ಎತ್ತಿನ ಕೊಂಬಿಗೂ ಅದೇ ದಪ್ಪ. ನೋಡುನೋಡುತ್ತಲೇ ಹತ್ತಿರದ ಎತ್ತು, ದೂರದ ಬೆಟ್ಟ ಎರಡೂ ಒಂದೇ ದೂರಕ್ಕೆ ಬಂದು ನಿಂತುಬಿಡುತ್ತವೆ. ಎದ್ದು ಕಾಣಲಿ ಎಂದು ಹಾಕಿದ ಗೆರೆಯಿಂದಲೇ ಯಾವುದೂ ಎದ್ದು ಕಾಣದ ಹಾಗಾಗುತ್ತದೆ. ಆ ಮಗು ಮೊದಲು ಪೆನ್ಸಿಲ್ಲಿನಲ್ಲಿ ಎಳೆದಿದ್ದ, ಒಂದು ಕಡೆ ಒತ್ತಿ ಇನ್ನೊಂದು ಕಡೆ ಹಗುರಾಗಿ ಬಿಟ್ಟಿದ್ದ ಗೆರೆಯಲ್ಲಿ ಎಷ್ಟು ಜೀವವಿತ್ತು!

ಗೆರೆಗೆ ಉದ್ದ ಇರುವ ಹಾಗೆ ತೂಕವೂ ಇದೆ. ದಪ್ಪ ಗೆರೆ ಮುಂದೆ ಬರುತ್ತದೆ, ತೆಳು ಗೆರೆ ಹಿಂದೆ ಸರಿಯುತ್ತದೆ. ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕು, ಎಲ್ಲಿ ಹಾದುಹೋಗಬೇಕು ಎಂಬುದನ್ನು ಬಹುಮಟ್ಟಿಗೆ ಈ ತೂಕವೇ ತೀರ್ಮಾನಿಸುತ್ತದೆ. ಆದರೆ ತೂಕವನ್ನು ಮನಸ್ಸಿಗೆ ಬಂದ ಕಡೆ ಇಡಲಾಗದು. ಎಲ್ಲಿ ಇಡಬೇಕೆಂದು ಎದುರಿಗಿರುವ ವಸ್ತುವನ್ನೇ ಕೇಳಬೇಕು.

ಒಂದು ತಾಮ್ರದ ಬಿಂದಿಗೆಯನ್ನು ಕಿಟಕಿಯ ಪಕ್ಕ ಇಟ್ಟುಕೊಂಡು ಬರೆಯಲು ಕೂತುನೋಡಿ. ಮೊದಲು 2ಎಚ್ ಪೆನ್ಸಿಲ್ಲಿನಲ್ಲಿ ಕಂಡೂ ಕಾಣದಷ್ಟು ತೆಳುವಾಗಿ ಆಕಾರ ಹಿಡಿಯಿರಿ. ಆಮೇಲೆ 4ಬಿ ತೆಗೆದುಕೊಳ್ಳಿ. ಬಿಂದಿಗೆಯ ತಳ ನೆಲ ಮುಟ್ಟುವ ಕಡೆ ಒಂದು ಸಣ್ಣ ಸಂದು ಇರುತ್ತದೆ. ಬೆಳಕು ಅಲ್ಲಿಗೆ ನುಗ್ಗುವುದಿಲ್ಲ, ಇಡೀ ಬಿಂದಿಗೆಯ ಭಾರ ಕೂತಿರುವುದೂ ಅಲ್ಲೇ. ಅಲ್ಲಿ ಒತ್ತಿ ಎಳೆಯಿರಿ. ಬಾಯಿಯ ಅಂಚು ಕಂಠದ ಮುಂದಕ್ಕೆ ಚಾಚಿಕೊಂಡಿರುವ ಕಡೆ ಇನ್ನೊಂದು ಒತ್ತು ಬೇಕು, ಯಾಕೆಂದರೆ ಅಲ್ಲಿ ಒಂದು ಇನ್ನೊಂದನ್ನು ಮರೆಮಾಡಿದೆ. ಕಿಟಕಿಗೆ ಬೆನ್ನು ಮಾಡಿದ ಬದಿಯ ಉಬ್ಬಿಗೆ ಮೂರನೆಯದು. ಕಿಟಕಿಯ ಕಡೆಗಿರುವ ಬದಿಯಲ್ಲಿ ಬೆಳಕಿನ ಹೊಳಪಿಗೆ ಅಂಚೇ ಕರಗಿರುತ್ತದೆ. ಅಲ್ಲಿ ಪೆನ್ಸಿಲನ್ನು ಸುಮ್ಮನೆ ಮುಟ್ಟಿಸಿ, ನಡುವೆ ಒಂದಿಷ್ಟು ದೂರ ಎತ್ತಿಯೇಬಿಡಿ. ಬಿಟ್ಟ ಜಾಗವನ್ನು ನೋಡುವವರ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಶೇಡಿಂಗ್ ಮಾಡಿಲ್ಲ, ಬಣ್ಣ ಹಚ್ಚಿಲ್ಲ, ಆದರೂ ಬಿಂದಿಗೆ ನೆಲದ ಮೇಲೆ ಗಟ್ಟಿಯಾಗಿ ಕೂತಿರುತ್ತದೆ.

ಇದು ಕೈಯ ಕೆಲಸವೂ ಹೌದು. ಪೆನ್ಸಿಲ್ ನೆಟ್ಟಗೆ ಹಿಡಿದರೆ ಗೆರೆ ತೆಳು, ಓರೆಯಾಗಿ ಹಿಡಿದರೆ ಅಗಲ. ಶಾಯಿಯಲ್ಲಿ ಅದ್ದಿ ಬರೆಯುವ ಸ್ಟೀಲ್ ನಿಬ್ಬಿನ ನಡುವೆ ಸೀಳು ಇರುತ್ತದೆ. ಒತ್ತಿದಾಗ ಸೀಳು ಅಗಲವಾಗಿ ಶಾಯಿ ಹೆಚ್ಚು ಇಳಿಯುತ್ತದೆ, ಹಗುರಾಗಿಸಿದರೆ ಕೂಡಿಕೊಳ್ಳುತ್ತದೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ದೊಡ್ಡ ಕಲಾವಿದರಾದ ಮೇಲೂ ಲಯವನ್ನು ಅರಿಯಲೆಂದು ಕಥಕ್ ಕಲಿತರು. ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ದಿ ಸಿಂಗಿಂಗ್ ಲೈನ್’. ಗೆರೆಯ ಏರಿಳಿತ ಬೆರಳ ತುದಿಯಲ್ಲಷ್ಟೇ ಹುಟ್ಟುವುದಿಲ್ಲ, ಅದರ ಹಿಂದೆ ಭುಜವಿದೆ, ಉಸಿರಿದೆ ಎಂಬುದಕ್ಕೆ ಅವರ ಚಿತ್ರಗಳಿಗಿಂತ ಬೇರೆ ಸಾಕ್ಷಿ ಬೇಡ.

ಗೆರೆಯ ತೂಕವನ್ನು ದಿನದಿನವೂ ದುಡಿಸಿಕೊಂಡವರು ಪತ್ರಿಕೆಯ ವ್ಯಂಗ್ಯಚಿತ್ರಕಾರರು. ಹಿಂದೆ ಅವರ ಚಿತ್ರ ಸತುವಿನ ಲೈನ್ ಬ್ಲಾಕ್ ಆಗಿ ಅಚ್ಚಿಗೆ ಹೋಗುತ್ತಿತ್ತು. ಆ ಬ್ಲಾಕಿನಲ್ಲಿ ಕಪ್ಪು ಉಂಟು, ಬಿಳಿ ಉಂಟು, ನಡುವಿನ ಬೂದು ಇಲ್ಲ. ನ್ಯೂಸ್‌ಪ್ರಿಂಟ್ ಕಾಗದ ಬೇರೆ ಒರಟು. ತೀರಾ ತೆಳು ಗೆರೆ ತುಂಡಾಗುತ್ತಿತ್ತು, ತೀರಾ ಒತ್ತೊತ್ತಾಗಿ ಎಳೆದವು ಕಲೆತು ಮಸಿಯಾಗುತ್ತಿದ್ದವು. ಹೀಗಾಗಿ ದೂರ, ಹತ್ತಿರ, ಮುಖ್ಯ, ಅಮುಖ್ಯ ಎಲ್ಲವನ್ನೂ ಗೆರೆಯ ದಪ್ಪದಲ್ಲೇ ಹೇಳಬೇಕಿತ್ತು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಇಂಥ ಅಚ್ಚಿನ ಕಾಲದಲ್ಲೇ ಕೈ ಪಳಗಿಸಿಕೊಂಡವರು. ಹಾಸ್ಯ ಲೇಖಕ ರಾಶಿಯವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ ಹಾಸ್ಯಪತ್ರಿಕೆಗೂ ಲಕ್ಷ್ಮಣ್ ಚಿತ್ರ ಬರೆದರು. ಅವರ ಚಿತ್ರವೊಂದನ್ನು ಹತ್ತಿರ ಹಿಡಿದು ನೋಡಿ. ಕುಂಚದ ಗೆರೆ ಮಂತ್ರಿಯ ಹೊಟ್ಟೆಯ ಕಡೆ ಉಬ್ಬುತ್ತದೆ, ಹಿಂದಿನ ಕಿಟಕಿ, ಕುರ್ಚಿಗಳಿಗೆ ಬರುವಾಗ ಸಪೂರವಾಗುತ್ತದೆ. ಮಾತೆಲ್ಲ ಮಂತ್ರಿಯದು, ಅಧಿಕಾರಿಯದು. ಮೂಲೆಯಲ್ಲಿ ಚೌಕಳಿ ಕೋಟು, ಪಂಚೆ ತೊಟ್ಟ ಶ್ರೀಸಾಮಾನ್ಯ ತುಟಿ ಬಿಚ್ಚುವುದಿಲ್ಲ. ಆದರೆ ಆ ಚೌಕಳಿ, ಆ ಕನ್ನಡಕ, ಆ ಪೊದೆ ಹುಬ್ಬು ನಮ್ಮ ಕಣ್ಣನ್ನು ತಪ್ಪದೆ ಅವನ ಬಳಿಗೆ ಕರೆದೊಯ್ಯುತ್ತವೆ. ಮಾತೇ ಆಡದವನು ಹೀಗೆ ಮರೆಯಾಗದೆ ಉಳಿಯುವುದು ಗೆರೆಯ ಬಲದಿಂದ.

ಕಲೆಯ ಮಾತು ಬಿಡಿ, ಮನೆ ಕಟ್ಟುವ ಪ್ಲಾನಿಗೂ ಇದೇ ನಿಯಮ. ಕತ್ತರಿಸಿ ತೋರಿಸಿದ ಗೋಡೆಗೆ ದಪ್ಪ ಗೆರೆ, ಮೆಟ್ಟಿಲು, ಸಿಂಕುಗಳಿಗೆ ಅದಕ್ಕಿಂತ ತೆಳು, ಅಳತೆಯ ಗೆರೆ ಎಲ್ಲಕ್ಕಿಂತ ತೆಳು. ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಯುವವರಿಗೆ ದಪ್ಪ ಗೆರೆ ತೆಳು ಗೆರೆಯ ಎರಡರಷ್ಟಾದರೂ ಇರಬೇಕೆಂದು ಹೇಳಿಕೊಡುತ್ತಾರೆ. ಇಂಕಿನ ಪೆನ್ನುಗಳು ಬರುವುದೂ 0.25, 0.35, 0.5, 0.7 ಮಿಲಿಮೀಟರ್ ಎಂದು, ಒಂದಕ್ಕಿಂತ ಇನ್ನೊಂದು ಹೆಚ್ಚುಕಡಿಮೆ 1.4 ಪಟ್ಟು ದಪ್ಪ. ಸೈಟಿನಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಪ್ಲಾನ್ ನೋಡುವ ಮೇಸ್ತ್ರಿಗೆ ಮೊದಲು ಗೋಡೆ ಕಾಣಬೇಕು. ಸೂರು ನಿಲ್ಲುವುದು ಅದರ ಮೇಲೆ.

ಬಿಂದಿಗೆಯ ತಳ, ಪ್ಲಾನಿನ ಗೋಡೆ, ವ್ಯಂಗ್ಯಚಿತ್ರದ ಮೂಲೆಯ ಮನುಷ್ಯ ಮೂರೂ ಹೇಳುವುದು ಒಂದನ್ನೇ. ದಪ್ಪ ಗೆರೆ ಸಲ್ಲಬೇಕಾದದ್ದು ಭಾರ ಹೊತ್ತ ಕಡೆಗೆ, ಬೆಳಕು ತಲುಪದ ಕಡೆಗೆ. ಕಿಟಕಿಯ ಬದಿಗೆ ನಮ್ಮ ಒತ್ತು ಬೇಡ, ಬೆಳಕೇ ಅದನ್ನು ನೋಡಿಕೊಳ್ಳುತ್ತದೆ.

ಬದುಕಿನಲ್ಲಿ ನಾವು ಮಾಡುವುದು ಇದರ ತಿರುವುಮುರುವು. ಈಗಾಗಲೇ ಹೊಳೆಯುತ್ತಿರುವುದರ ಸುತ್ತಲೇ ಇನ್ನೊಂದು ಸುತ್ತು ಗೆರೆ ಎಳೆಯುತ್ತೇವೆ. ಗೆದ್ದವರ ಫೋಟೊ ಇನ್ನೂ ದೊಡ್ಡದಾಗುತ್ತದೆ. ಮದುವೆಯ ವೇದಿಕೆ ಎಲ್ಲರ ಬಾಯಲ್ಲೂ ಇರುತ್ತದೆ, ಬೆಳಗಿನ ಜಾವಕ್ಕೆ ಎದ್ದು ಒಲೆ ಹೊತ್ತಿಸಿದ ಅಡುಗೆಯವರ ಮಾತು ಯಾರೂ ಎತ್ತುವುದಿಲ್ಲ. ಇಲ್ಲವೇ ಎಲ್ಲವನ್ನೂ ಒತ್ತಿಒತ್ತಿ ಹೇಳುತ್ತೇವೆ. ಪ್ರತಿ ಸುದ್ದಿಯೂ ಭಾರೀ ಸುದ್ದಿ, ಪ್ರತಿ ಬೇಸರವೂ ದೊಡ್ಡ ಜಗಳ. ಎಲ್ಲರೂ ಕೂಗಿ ಮಾತಾಡುವ ಮನೆಯಲ್ಲಿ ನಿಜಕ್ಕೂ ನೋವಾದವರ ಕೂಗು ಕೇಳಿಸದೇ ಹೋಗುವ ಹಾಗೆ, ಅಂಥ ಕಡೆ ಮುಖ್ಯವಾದದ್ದು ಮುಳುಗಿಹೋಗುತ್ತದೆ.

ಒತ್ತಿ ಹೇಳುವ ಶಕ್ತಿ ನಮಗಿರುವುದು ಸ್ವಲ್ಪವೇ. ಅದನ್ನು ಉಳಿಸಿಕೊಳ್ಳಬೇಕಾದರೆ ಹಲವು ಕಡೆ ಕೈ ಹಗುರ ಮಾಡಬೇಕು. ಹಗುರ ಮಾಡುವುದೆಂದರೆ ಅಸಡ್ಡೆಯಲ್ಲ. ತೆಳು ಗೆರೆ ಎಳೆಯಲು ದಪ್ಪ ಗೆರೆಗಿಂತ ಹೆಚ್ಚು ಹದ ಬೇಕು. ಇವತ್ತು ಮನೆಯಲ್ಲೋ ಕೆಲಸದ ಜಾಗದಲ್ಲೋ ಒಂದೇ ಒಂದು ಮಾತನ್ನು ಒತ್ತಿ ಹೇಳುವ ಅವಕಾಶ ಸಿಕ್ಕರೆ, ಅದು ಎಲ್ಲರಿಗೂ ಆಗಲೇ ಕಂಡಿರುವವರ ಬಗ್ಗೆ ಬೇಡ. ತಳದಲ್ಲಿ ನಿಂತು ಭಾರ ಹೊತ್ತವರ ಹೆಸರು ಹಿಡಿದು ಹೇಳೋಣ.